ಮಾಳಮ್ಮ ಮೂಸಿದ ಪೀಪಾಯಿ

ಹನ್ನೊಂದು ವರ್ಷ ಸೇಂದಿ ಡಿಪೋದಲ್ಲಿ ಮುನ್ಶಿಯಾಗಿದ್ದವನು ನಾನು. ಆದರೂ ಆ ಈಚಲ ಹೆಂಡದ ಒಂದು ಹನಿ ನನ್ನ ನಾಲಿಗೆಗೆ ಸೋಕಿಲ್ಲ. ಈ ಮಾತು ಹೇಳಿದಾಗೆಲ್ಲ ಯಾದಗಿರಿ ಸ್ಟೇಶನ್ ರಸ್ತೆಯ ಜನ ಮೀಸೆಯೊಳಗೇ ನಗುತ್ತಾರೆ. ನಗಲಿ. ಕೊರಳಲ್ಲಿ ಲಿಂಗ ಕಟ್ಟಿದವನು ಹೊಟ್ಟೆಪಾಡಿಗೆ ಎಲ್ಲಿ ಕೂತು ಬರೆದರೇನು, ಬರೆಯುವ ಕೈ ಬೇರೆ, ಕುಡಿಯುವ ಬಾಯಿ ಬೇರೆ ಎಂದು ನಾನು ವಾದಿಸುತ್ತಿದ್ದೆ. ನನ್ನ ಹೆಂಡತಿ ಭೀಮಾಬಾಯಿ ವಾದಕ್ಕೆ ಇಳಿಯುವವಳಲ್ಲ. ಹಿತ್ತಲಲ್ಲಿ ಒಂದು ಕೊಡ ನೀರಿಟ್ಟಿರುತ್ತಿದ್ದಳು. ಅದನ್ನು ಮೈಮೇಲೆ ಸುರಿದುಕೊಂಡ ಮೇಲೆಯೇ ನನಗೆ ಒಳಗೆ ಪ್ರವೇಶ.

ಈಗ ಹೇಳುವುದು ನಿಜಾಮರ ರಾಜ್ಯ ಹೋದ ಮೂರನೆಯ ವರ್ಷದ ಮಾತು. ತಹಸೀಲು ಕಚೇರಿಯ ಮೇಲಿದ್ದ ಉರ್ದು ಬೋರ್ಡು ಇಳಿದು ಕನ್ನಡದ ಬೋರ್ಡು ಏರಿತ್ತು. ನಾನು ಉರ್ದುವಿನಲ್ಲಿ ಕಲಿತವನು. ನನ್ನ ಅಕ್ಷರ ಮೆಚ್ಚಿ ಹಿಂದಿನ ಸಾಹೇಬರೊಬ್ಬರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಕನ್ನಡ ಓದುತ್ತಿದ್ದೆ, ಮನೆಯ ಭಾಷೆಯೇ ಅದು. ಬರೆಯಲು ಕೂತರೆ ಮಾತ್ರ ಕೈ ತಡವರಿಸುತ್ತಿತ್ತು. ಇನ್ನೊಂದೆರಡು ವರ್ಷದಲ್ಲಿ ನನ್ನ ಉರ್ದು ಯಾರಿಗೂ ಬೇಡವಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆಗ ಎಲ್ಲರ ಮೇಲೂ ಸಿಡುಕುತ್ತಿದ್ದೆ.

ಡಿಪೋ ಅಂಬಣ್ಣ ಗುತ್ತೇದಾರನದು. ಅವನ ಅಜ್ಜ ಸೊಂಟಕ್ಕೆ ಹಗ್ಗ ಬಿಗಿದು ಈಚಲ ಮರ ಏರಿದವನು. ಅಂಬಣ್ಣನೂ ಒಂದು ಕಾಲದಲ್ಲಿ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, ಇದು ಬಳಿಚಕ್ರದ್ದು, ಇದು ಕೊಂಕಲ್ಲಿನದು ಎಂದು ತೋಪಿನ ಹೆಸರು ಹೇಳುತ್ತಿದ್ದ. ಆದರೆ ಈಗ ತಲೆಯ ಮೇಲೆ ಕಾಂಗ್ರೆಸ್ಸಿನ ಬಿಳಿ ಟೋಪಿ ಬಂದಿತ್ತು, ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕಿತ್ತು. ಮಾರುವುದನ್ನು ಬಿಡಲಾಗದವನು ಕುಡಿಯುವುದನ್ನು ಬಿಟ್ಟ. ನಾಲಿಗೆಯ ತುದಿಗೂ ಮುಟ್ಟಿಸುತ್ತಿರಲಿಲ್ಲ. ಹೀಗಾಗಿ ಡಿಪೋದ ಗಾದಿಯ ಮೇಲೆ ಕೂತ ಇಬ್ಬರಲ್ಲಿ ಒಬ್ಬನಿಗೂ ಮಾಲಿನ ರುಚಿ ಗೊತ್ತಾಗುವ ದಾರಿ ಇರಲಿಲ್ಲ. ಮುಂದಿನ ಫಜೀತಿಗೆಲ್ಲ ಮೂಲ ಇದೇ.

ಮೊದಲು ಸೇಂದಿ ಮಣ್ಣಿನ ಗಡಿಗೆಗಳಲ್ಲಿ ಹೋಗುತ್ತಿತ್ತು. ಹೊಸ ಸರಕಾರದ ಆಬಕಾರಿಯವರು ಅದನ್ನು ನಿಲ್ಲಿಸಿದರು. ದಾರಿಯಲ್ಲಿ ನೀರು ಬೆರೆಸುತ್ತಾರೆ, ಇನ್ನು ಮೇಲೆ ಪೀಪಾಯಿಯಲ್ಲಿ ತುಂಬಿ, ಬಿರಡೆ ಜಡಿದು, ಮುದ್ರೆ ಒತ್ತಿಯೇ ಕಳಿಸಬೇಕು ಎಂದರು. ಅಂಬಣ್ಣ ಸಿಕಂದರಾಬಾದಿನ ದಂಡಿನ ಛಾವಣಿಯಿಂದ ಇಪ್ಪತ್ತು ಮರದ ಪೀಪಾಯಿ ತರಿಸಿದ. ಗೋರಾ ಸೋಲ್ಜರುಗಳು ಅದರಲ್ಲಿ ತಮ್ಮ ಬೀರು ಇಟ್ಟುಕೊಳ್ಳುತ್ತಿದ್ದರಂತೆ. ಬೆಳಗಿನ ಜಾವ ಮರದಿಂದ ಇಳಿದ ಸೇಂದಿ ಬಿಸಿಲೇರುವ ಮೊದಲು ಡಿಪೋಕ್ಕೆ ಬರಬೇಕು, ಪೀಪಾಯಿಗೆ ತುಂಬಿ ಲಾರಿಗೆ ಏರಬೇಕು, ಭೀಮಾ ದಾಟಿ ಶಹಾಪುರ, ಅಲ್ಲಿಂದ ಸುರಪುರ. ಪೀಪಾಯಿಯಲ್ಲಿ ನಿನ್ನೆಯ ವಾಸನೆ ಒಂದಿಷ್ಟು ಉಳಿದಿದ್ದರೂ ಸುರಪುರ ಮುಟ್ಟುವುದರೊಳಗೆ ಇಡೀ ಮಾಲು ಕೆಡುತ್ತಿತ್ತು.

ಅದನ್ನು ಉಳಿಯಗೊಡದವಳು ಮಾಳಮ್ಮ.

ಮಾಳಮ್ಮ ಕೊಂಕಲ್ಲಿನ ಕುರುಬರ ಹೆಣ್ಣುಮಗಳು. ಐವತ್ತರ ಆಸುಪಾಸು, ಗಂಡ ಇಲ್ಲ. ಊರಲ್ಲಿ ಕುರಿ ಇದ್ದವು, ಮೈದುನ ಕಾಯುತ್ತಿದ್ದ. ಇವಳು ಸ್ಟೇಶನ್ ಹಿಂದಿನ ಓಣಿಯಲ್ಲಿ ತಂಗಿಯ ಮನೆಯಲ್ಲಿದ್ದು ಡಿಪೋದ ಗಡಿಗೆ ತೊಳೆಯುತ್ತಿದ್ದಳು. ಪೀಪಾಯಿ ಬಂದ ದಿನ ಎಲ್ಲರೂ ಅದರ ಸುತ್ತ ನಿಂತು ತಲೆ ಕೆರೆದುಕೊಂಡೆವು. ಗಡಿಗೆಗಾದರೆ ಕೈ ಹೋಗುತ್ತದೆ. ಇದಕ್ಕೆ ಇದ್ದದ್ದು ಬಿರಡೆಯ ತೂತು ಒಂದೇ, ಒಳಗೆ ತೊಳೆಯುವುದು ಹೇಗೆ. ಅವಳು ಮಾತಾಡದೆ ಎತ್ತು ಕಟ್ಟುವ ಸರಪಳಿಯೊಂದನ್ನು ತಂದು ತೂತಿನಲ್ಲಿ ಇಳಿಬಿಟ್ಟಳು. ಒಂದು ಹಿಡಿ ಗರಸು, ಎರಡು ಕೊಡ ಕುದಿನೀರು ಹಾಕಿ ಬಿರಡೆ ಒತ್ತಿದಳು. ಸೀರೆಯ ಕಚ್ಚೆ ಬಿಗಿದು ಪೀಪಾಯಿಯನ್ನು ಕಾಲಿಂದ ಉರುಳಿಸುತ್ತ ಅಂಗಳದ ಈ ಕಡೆಯಿಂದ ಆ ಕಡೆಗೆ ನಡೆದಳು. ಮತ್ತೆ ಆ ಕಡೆಯಿಂದ ಈ ಕಡೆಗೆ. ಒಳಗೆ ಸರಪಳಿ ಗಲಗಲ ಎನ್ನುತ್ತಿತ್ತು.

ನೀರು ತಿಳಿಯಾಗುವ ತನಕ ಹೀಗೆ. ಆಮೇಲೆ ಬೇವಿನ ಕಡ್ಡಿಯ ಕೆಂಡದ ಮೇಲೆ ಬೋರಲು ಹಾಕಿ ಹೊಗೆ ಕೊಡುತ್ತಿದ್ದಳು. ಅವರ ಮನೆಯಲ್ಲಿ ಹಾಲಿನ ಗಡಿಗೆಗೆ ಮಾಡುವುದು ಹಾಗೆಯೇ ಅಂತೆ. ಕೊನೆಗೆ ಕಾಯಿಸಿ ಆರಿಸಿದ ನೀರು ಒಂದು ಬೊಗಸೆ ಒಳಗೆ ಬಿಟ್ಟು ಬಿರಡೆ ಹಾಕಿ ಮನೆಗೆ ಹೋಗುತ್ತಿದ್ದಳು. ಮರುದಿನ ಬೆಳಿಗ್ಗೆ ಬಂದು ಆ ನೀರನ್ನು ಅಂಗೈಗೆ ಸುರಿದುಕೊಂಡು ಮೂಸಬೇಕು. ಮೂಗಿಗೆ ಒಪ್ಪಿದರೆ ಪೀಪಾಯಿ ತುಂಬುವ ಸಾಲಿಗೆ, ಇಲ್ಲವಾದರೆ ಮತ್ತೆ ಸರಪಳಿ. ಆ ಮೂಗಿನ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಒಮ್ಮೆ ಶಹಾಪುರದಿಂದ ತಿರುಗಿ ಬಂದ ಪೀಪಾಯಿಯನ್ನು ಮೂಸಿ, “ಇದರಾಗ ಗ್ಯಾಸೆಣ್ಣಿ ಇಟ್ಟಾರ” ಅಂದಳು. ಅಂಗಡಿಯವನು ದೇವರಾಣೆ ಹಾಕಿ ಅಲ್ಲಗಳೆದ. ಎರಡು ದಿನ ಬಿಟ್ಟು ಅವನೇ ಬಂದು, ಹಬ್ಬಕ್ಕೆ ದೀಪದ ಎಣ್ಣೆ ಇಡಲು ಜಾಗವಿರಲಿಲ್ಲ ಎಂದು ಒಪ್ಪಿಕೊಂಡ. ನಾನು ಇದನ್ನೆಲ್ಲ ಮೂಗು ಮುಚ್ಚಿಕೊಂಡು ದೂರದಿಂದ ನೋಡುತ್ತಿದ್ದೆ. ಒಳಗೊಳಗೇ ಬೆರಗಾಗುತ್ತಿತ್ತು, ಆದರೆ ಪೀಪಾಯಿ ತೊಳೆಯುವವಳನ್ನು ಮುನ್ಶಿ ಹೊಗಳುವುದು ಹೇಗೆ ಎಂದು ಸುಮ್ಮನಿರುತ್ತಿದ್ದೆ.

ಆ ವರ್ಷ ದೀಪಾವಳಿಗೆ ಡಿಪೋದ ಗೋಡೆಗಳಿಗೆ ಸುಣ್ಣ ಹೊಡೆಸಿದೆ. ಮಾಳಮ್ಮ ಹಬ್ಬಕ್ಕೆ ಊರಿಗೆ ಹೋಗಿದ್ದಳು. ಗೋಡೆ ಮುಗಿದ ಮೇಲೂ ಬಾನಿಯಲ್ಲಿ ಸುಣ್ಣ ಮಿಕ್ಕಿತ್ತು. ಮೂಲೆಯಲ್ಲಿ ಐದು ಪೀಪಾಯಿ ಖಾಲಿ ಬಿದ್ದಿದ್ದವು. ನಮ್ಮ ಕಡೆ ಹಬ್ಬ ಅಂದರೆ ಸುಣ್ಣ, ಸುಣ್ಣ ಅಂದರೆ ಮಡಿ. ಒಲೆಗೂ ಸುಣ್ಣ, ಹೊಸ್ತಿಲಿಗೂ ಸುಣ್ಣ. ಪಾಪ, ಇವೂ ಒಂದಿಷ್ಟು ಶುದ್ಧವಾಗಲಿ ಎಂದು ಮಿಕ್ಕ ಸುಣ್ಣವನ್ನು ಆ ಐದರೊಳಗೆ ಸುರಿಸಿ, ಚೆನ್ನಾಗಿ ಕುಲುಕಿಸಿ, ಒಣಗಲು ಇಡಿಸಿದೆ. ಆ ದಿನ ಮನೆಗೆ ಹೋಗುವಾಗ ಏನೋ ಪುಣ್ಯದ ಕೆಲಸ ಮಾಡಿದ ಸಮಾಧಾನವಿತ್ತು. ಮರುದಿನ ಅದನ್ನು ಮರೆತೂ ಬಿಟ್ಟೆ.

ಹಬ್ಬ ಕಳೆದು ವಾರವಾಗಿತ್ತು. ಸುರಪುರದ ಅಂಗಡಿಯ ಮರಿಲಿಂಗಪ್ಪ ಖಾಲಿ ಪೀಪಾಯಿಗಳ ಲಾರಿಯಲ್ಲಿ ತಾನೂ ಕೂತು ಬಂದ. ಬಂದವನು ಕೂಡ್ರಲಿಲ್ಲ.

“ಗುತ್ತೇದಾರ್ರ, ನಮ್ಮ ಗಿರಾಕಿಗಳು ನನ್ನ ಅಂಗಿ ಹಿಡಿಯಾಕತ್ತಾರ. ಎರಡು ತಂಬಿಗಿ ಕುಡದ್ರೂ ಕಣ್ಣು ಕೆಂಪಾಗವಲ್ದು. ಮಜ್ಜಿಗಿ ಕುಡದ್ಹಂಗ ಆಗತದ ಅಂತಾರ. ಎಲ್ಲಾ ಪೀಪಾಯಿ ಅಲ್ರಿ, ಒಂದೊಂದು. ನೀರು ಬೆರಿಸ್ಯಾರ್ರಿ ಯಾರೋ.”

ಅಂಬಣ್ಣನ ಮುಖ ಸಣ್ಣದಾಯಿತು. ನೀರು ಬೆರೆಸಿದ ಗುಮಾನಿ ಆಬಕಾರಿ ಸಾಹೇಬರ ಕಿವಿಗೆ ಬಿದ್ದರೆ ಡಿಪೋಕ್ಕೆ ಬೀಗ ಬೀಳುತ್ತಿತ್ತು. “ಮುದ್ರಿ ಒಡದಿತ್ತೇನು?” ಎಂದು ಕೇಳಿದ.

“ಮುದ್ರಿ ಹಂಗಽ ಇತ್ರಿ. ನೀರು ಇಲ್ಲೇ ಹೋಗ್ಯಾವ.”

ಮುದ್ರೆ ಒತ್ತುವವನು ನಾನು. ಅದಕ್ಕೆ ಮೊದಲು ಪೀಪಾಯಿಯನ್ನು ಮುಟ್ಟುವವಳು ಮಾಳಮ್ಮ. ಎಲ್ಲರ ಕಣ್ಣೂ ಅಂಗಳದತ್ತ ತಿರುಗಿದವು. ತೊಳೆದ ನೀರು ಪೂರ್ತಿ ಬಸಿಯದೆ ಒಳಗೇ ಬಿಡುತ್ತಾಳೆ, ವಯಸ್ಸಾಯಿತು, ಎತ್ತಿ ಬಸಿಯಲು ಶಕ್ತಿ ಸಾಲದು ಎಂಬ ತೀರ್ಪು ಅಲ್ಲೇ ಆಗಿಹೋಯಿತು. ಅವಳನ್ನು ಕರೆದು ಕೇಳಿದರು. ಅವಳು ಒಂದು ಸಲ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

“ನಾ ಬಸದ್ಹಾಕೀನ್ರಿ ಸಾವಕಾರ್ರ. ಇನ್ನ ಮ್ಯಾಲೆ ಇನ್ನೂ ಛಲೋ ನೋಡ್ತೀನಿ.”

ಅಷ್ಟೇ ಅಂದಳು. ಮರಿಲಿಂಗಪ್ಪ ಸುರಪುರಕ್ಕೆ ಹೋಗಿ, ಯಾದಗಿರಿ ಡಿಪೋದ ಕುರುಬರ ಹೆಂಗಸು ನೀರು ಹಾಕುತ್ತಾಳೆ ಎಂದು ಅಂಗಡಿಯ ಮುಂದೆ ಸಾರಿಬಿಟ್ಟ. ಅಂಥ ಸುದ್ದಿಗೆ ಕಾಲು ಬೇಕೇ, ಮೂರು ದಿನದಲ್ಲಿ ಅದು ಕೊಂಕಲ್ಲಿನ ಮಾಳಮ್ಮನ ಮೈದುನನ ಮನೆ ಮುಟ್ಟಿತು. ಹಾಲಿನಲ್ಲಿ ನೀರು ಬೆರೆಸಿದರೆ ಅವರ ಮಂದಿ ಪಂಚಾಯ್ತಿ ಕೂಡಿಸುತ್ತಾರೆ. ಇದು ಸೇಂದಿಯಾದರೂ ಮಾತು ಮಾತೇ. ತಂಗಿಯ ಗಂಡ ಎರಡು ದಿನ ಅವಳೊಡನೆ ಮಾತು ಬಿಟ್ಟನಂತೆ.

ಅಂಬಣ್ಣನಿಗೆ ಆಗಲೇ ಯಂತ್ರದ ಹುಚ್ಚು ಹತ್ತಿತು. ಸಿಕಂದರಾಬಾದಿನಿಂದ ಒಬ್ಬ ಏಜೆಂಟನನ್ನು ಕರೆಸಿದ. ಕರಿ ಕೋಟು ಹಾಕಿದ್ದ ಆ ಮನುಷ್ಯ ಚಿತ್ರಗಳಿದ್ದ ಪುಸ್ತಕವೊಂದನ್ನು ನನ್ನ ಮುಂದೆ ಬಿಡಿಸಿದ. ಮೂರು ಸಾಮಾನುಗಳಿದ್ದವು. ಒಂದು, ಪೀಪಾಯಿಯ ತೂತಿನೊಳಗೆ ಕೊಳವೆ ತೂರಿಸಿ ಉಗಿ ಹೊಡೆಯುವ ಬಾಯ್ಲರು. ಎರಡು, ನಾಲ್ಕು ಹಿತ್ತಾಳೆ ನಲ್ಲಿಗಳಿದ್ದ ತುಂಬುವ ಸ್ಟ್ಯಾಂಡು, ನೊರೆ ಉಕ್ಕದೆ ಒಂದೇ ಸಲಕ್ಕೆ ನಾಲ್ಕು ಪೀಪಾಯಿ ತುಂಬುತ್ತದೆ. ಮೂರು, ಮರದ ಪೀಪಾಯಿಯ ಬದಲಿಗೆ ಮಿಲಿಟರಿಯ ಕಬ್ಬಿಣದ ಡ್ರಮ್ಮುಗಳು, ತಿರುಪಿನ ಮುಚ್ಚಳದವು. ಡ್ರಮ್ಮು ತೊಳೆಯುವ ರಗಳೆಯೇ ಇಲ್ಲ, ಒಮ್ಮೆ ನೀರು ಹಾಕಿ ಚೆಲ್ಲಿದರೆ ಮುಗಿಯಿತು, ಮುದುಕಿಯ ಕೆಲಸ ಏನೂ ಬೀಳುವುದಿಲ್ಲ ಎಂದ ಏಜೆಂಟ.

“ಮುನಶ್ಯಾರ, ಯಾವದು ಬೇಕು ನೀವಽ ಆರಿಸ್ರಿ. ನಿಮಗ ಓದಾಕ ಬರತದ” ಎಂದು ಅಂಬಣ್ಣ ಆ ಭಾರವನ್ನು ನನ್ನ ತಲೆಗೆ ಕಟ್ಟಿದ. “ಡ್ರಮ್ಮ ಬಂದ್ರ ಮಾಳಮ್ಮನ್ನ ಊರಿಗೆ ಕಳಿಸೂದು.”

ನನಗೆ ಡ್ರಮ್ಮಿನ ಚಿತ್ರ ಬಹಳ ಹಿಡಿಸಿತು. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಸಾಲಾಗಿ ನಿಲ್ಲಿಸಿದರೆ ನೋಡಲು ಚೆಂದ. ಮೂಸುವ ಗೋಜಿಲ್ಲ. ಕೆಂಪು ಪೆನ್ಸಿಲಿನಿಂದ ಅದರ ಪಕ್ಕ ಗುರುತು ಹಾಕಿಯೇ ಬಿಟ್ಟೆ. ಅಂಬಣ್ಣ ಮಾತ್ರ ಕಣ್ಣಾರೆ ಕಾಣದೆ ಕೊಳ್ಳುವವನಲ್ಲ, ಮೂರನ್ನೂ ಲಾರಿಯಲ್ಲಿ ಹಾಕಿಕೊಂಡು ಬಾ, ನೋಡೋಣ ಎಂದು ಏಜೆಂಟನನ್ನು ಕಳಿಸಿದ.

ಆ ವಾರದಲ್ಲಿ ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಮಾಳಮ್ಮ ನಮ್ಮ ಹಿತ್ತಲಲ್ಲಿ ಕೂತಿದ್ದಳು. ಭೀಮಾಬಾಯಿ ಗಡಿಗೆಯಿಂದ ಹಳೆ ಹುಣಸೆಹಣ್ಣು ತೆಗೆದು ಅವಳ ಉಡಿಗೆ ಹಾಕುತ್ತಿದ್ದಳು. ಮಾಳಮ್ಮ ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

“ಏನದು, ಹುಣಸಿ ಹಂಚಾಕ ನಿಂತೀಯಲ್ಲ” ಎಂದೆ.

“ಮೂರನೇ ಸಲ ಬಂದಾಳ. ಹಳೇದಾದ್ರೂ ನಡೀತದ ಅಂದ್ಳು. ಪಾಪ, ಮೋತಿ ಬಾಡಿಹೋಗ್ಯಾದ ಆಕೀದು. ನಿಮ್ಮ ಡಿಪೋದಾಗ ಏನ್ ಮಾಡೀರಿ ಆಕಿಗೆ?”

“ನಾ ಏನ್ ಮಾಡ್ಲಿ” ಎಂದು ಸಿಡುಕಿ ಕೊಡದ ನೀರು ಸುರಿದುಕೊಂಡೆ. ಕೆಲಸ ಹೋಗುವ ಕಾಲಕ್ಕೆ ಸಾರಿಗೆ ಹುಣಸೆ ಕೂಡಿಡುತ್ತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ಓಡಿತು.

ಸೋಮವಾರ ಏಜೆಂಟ ಸಾಮಾನು ಇಳಿಸಿದ. ಅವತ್ತು ಬಳಿಚಕ್ರದಿಂದ ಸೇಂದಿ ತಂದವನು ಬಾಲಪ್ಪ, ಮರ ಏರುವವರಲ್ಲೇ ಹಿರಿಯ, ಎಪ್ಪತ್ತಾದರೂ ಹಗ್ಗ ಬಿಟ್ಟಿರಲಿಲ್ಲ. ರುಚಿ ನೋಡಲು ಒಬ್ಬರು ಬೇಕಲ್ಲ ಎಂದು ಅಂಬಣ್ಣ ಅವನನ್ನು ಅಲ್ಲೇ ಕೂರಿಸಿಕೊಂಡ. ಒಂದೇ ತೋಪಿನ ಸೇಂದಿಯನ್ನು ಹಿತ್ತಾಳೆ ನಲ್ಲಿಯಿಂದ ಒಂದು ಡ್ರಮ್ಮಿಗೆ, ಮಾಳಮ್ಮ ತೊಳೆದು ಆರಿಸಿಕೊಟ್ಟ ಒಂದು ಪೀಪಾಯಿಗೆ ತುಂಬಿದರು. ನಲ್ಲಿಗಳು ಚೆನ್ನಾಗಿ ಕೆಲಸ ಮಾಡಿದವು, ನೆಲಕ್ಕೆ ಹನಿ ಬೀಳಲಿಲ್ಲ. ಎರಡನ್ನೂ ಮುಚ್ಚಿ ಲಾರಿಯಲ್ಲಿಟ್ಟು, ಸುರಪುರಕ್ಕೆ ಹೋಗುವಷ್ಟು ಹೊತ್ತು ಊರ ಸುತ್ತ ತಿರುಗಿಸಿ ತರಲು ಕಳಿಸಿದೆವು.

ಲಾರಿ ತಿರುಗಿ ಬಂದಾಗ ಮೂರು ಗಂಟೆ. ಮೊದಲು ಡ್ರಮ್ಮಿನ ತಿರುಪು ಬಿಚ್ಚಿದರು. ತಂಬಿಗೆಗೆ ಸುರಿದ ಸೇಂದಿ ಮಸಿ ಕಲಸಿದಂತೆ ಕಪ್ಪಾಗಿತ್ತು. ಬಾಲಪ್ಪ ನಾಲಿಗೆ ಮುಟ್ಟಿಸಿ ಉಗಿದ.

“ಗುದ್ದಲಿ ನೆಕ್ಕಿದ್ಹಂಗ ಅದ” ಎಂದ.

ಹುಳಿಗೆ ಕಬ್ಬಿಣ ಬಿಟ್ಟುಕೊಂಡಿತ್ತು. ನನ್ನ ಕೆಂಪು ಪೆನ್ಸಿಲಿನ ಗುರುತು ನೆನಪಾಗಿ ನಾನು ಆ ಪುಸ್ತಕವನ್ನು ಮೆಲ್ಲಗೆ ಮುಚ್ಚಿದೆ. ಆಮೇಲೆ ಮಾಳಮ್ಮನ ಪೀಪಾಯಿಯ ಬಿರಡೆ ತೆಗೆದರು. ಬುಸ್ ಎಂದು ಉಸಿರು ಬಂತು, ನೊರೆ ಎದ್ದಿತು. ಬಾಲಪ್ಪ ಒಂದು ಗುಟುಕು ಕುಡಿದ, ಇನ್ನೊಂದು ಕುಡಿದ, ಮೂರನೆಯದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

“ಮರದ ಬುಡದಾಗ ಕುಂತು ಕುಡದಂಗ ಅದ ನೋಡ್ರಿ.”

ಏಜೆಂಟ ಡ್ರಮ್ಮಿನ ಮಾತು ಬಿಟ್ಟು ಬಾಯ್ಲರಿನ ಹತ್ತಿರ ಓಡಿದ. ಬೆಂಕಿ ಹಾಕಿಸಿ, ತೊಳೆಯದ ಒಂದು ಪೀಪಾಯಿಯನ್ನು ಬೋರಲು ನಿಲ್ಲಿಸಿ, ಕೊಳವೆ ತೂರಿಸಿ ಉಗಿ ಬಿಟ್ಟ. ಕಂದು ಬಣ್ಣದ ನೀರು ಇಳಿಯಿತು, ಆಮೇಲೆ ತಿಳಿ ನೀರು. ಪೀಪಾಯಿ ಆರಿದ ಮೇಲೆ ಅಂಬಣ್ಣ, “ನೋಡು ಮಾಳವ್ವ” ಎಂದ. ಎಲ್ಲರೂ ಅವಳು ಏನಾದರೂ ಕೊಂಕು ತೆಗೆಯುತ್ತಾಳೆ ಎಂದೇ ಕಾದೆವು. ಆ ಯಂತ್ರ ನಿಂತರೆ ಅವಳ ಸರಪಳಿಗೆ ಕೆಲಸವಿರಲಿಲ್ಲ. ಅವಳು ಮಂಡಿಯೂರಿ ತೂತಿಗೆ ಮೂಗಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು.

“ತಗೊಳ್ರಿ ಸಾವಕಾರ್ರ ಇದನ್ನ. ಹಲಗಿ ಸಂದ್ಯಾಗ ಹಳೇ ಬೀರಿನ ನಾತ ಒಂದು ಕುಂತಿತ್ತು, ಎರಡು ವರ್ಷ ನಾ ಉರುಳಿಸಿದ್ರೂ ಹೋಗಿದ್ದಿಲ್ಲ. ಈಗ ಹೋಗ್ಯಾದ. ನನ್ನ ಸರಪಳಿ ಹೋಗದ ಕಡಿ ಇದು ಹೋಗತದ.”

ನಾನು ಅವಳನ್ನೇ ನೋಡುತ್ತ ನಿಂತೆ. ತನ್ನ ಅನ್ನ ಕಸಿಯುವ ಯಂತ್ರವನ್ನು ಹೀಗೆ ಮನಸ್ಸು ಬಿಚ್ಚಿ ಮೆಚ್ಚುವುದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಕಚೇರಿಗೆ ಕನ್ನಡ ಬಂದಾಗ ನಾನು ಅದನ್ನು ಒಂದು ಒಳ್ಳೆಯ ಮಾತಿನಿಂದಲೂ ಕರೆದಿರಲಿಲ್ಲ, ಅದು ನನ್ನ ತಾಯಿಯ ಮಾತಾಗಿದ್ದರೂ.

ಏಜೆಂಟನಿಗೆ ಹುರುಪು ಬಂತು. ಇನ್ನೊಂದನ್ನು ಮಾಡಿ ತೋರಿಸುತ್ತೇನೆ ಎಂದು ಗೋಡೆಗೆ ಒರಗಿಸಿದ್ದ ಪೀಪಾಯಿಯೊಂದನ್ನು ಎಳೆದ. ಆಗ ಮಾಳಮ್ಮ ಮೊದಲ ಬಾರಿಗೆ ಗಾಬರಿಯಾದಳು. “ಅದು ಬ್ಯಾಡ್ರಿ, ಅದು ಇನ್ನೂ ನನ್ನ ಕೆಲಸ ಅದ” ಎಂದು ಅಡ್ಡ ಬಂದಳು. ಅಂಬಣ್ಣ ಕೈಯಿಂದಲೇ ಅವಳನ್ನು ಸರಿಸಿದ. ಉಗಿ ಒಳಗೆ ಹೋಯಿತು, ಕೆಳಗೆ ನೀರು ಇಳಿಯಿತು. ಹಾಲಿನಂತೆ ಬೆಳ್ಳಗಿತ್ತು.

ಬಾಲಪ್ಪ ಬೆರಳು ಅದ್ದಿ ನೆಕ್ಕಿದ. “ಸುಣ್ಣ” ಎಂದ. ಆಮೇಲೆ ಅಂಬಣ್ಣನ ಕಡೆ ತಿರುಗಿ, “ಗುತ್ತೇದಾರ್ರ, ನಿಮ್ಮ ಮುತ್ಯಾ ಇದ್ದಿದ್ರ ತಲಿ ಚಚ್ಚಿಕೊತಿದ್ದ. ಕೂಸುಗಳಿಗೆ ಸಿಹಿ ನೀರಾ ಇಳಿಸೂ ಮುಂದ ನಾವು ಗಡಿಗಿಗೆ ಸುಣ್ಣ ಬಳೀತೀವಿ, ಹುಳಿ ಏರಬಾರ್ದು ಅಂತ. ಸುಣ್ಣದ ಪೀಪಾಯದಾಗ ತುಂಬಿದ್ರ ಅಮಲು ಎಲ್ಲಿಂದ ಬರಬೇಕು? ನೀರು ಯಾರೂ ಬೆರಿಸಿಲ್ಲ” ಎಂದ.

ದೀಪಾವಳಿ, ಬಾನಿಯಲ್ಲಿ ಮಿಕ್ಕ ಸುಣ್ಣ, ಐದು ಪೀಪಾಯಿ. ಎಲ್ಲವೂ ಒಂದೇ ಸಲಕ್ಕೆ ಎದುರು ಬಂದು ನಿಂತವು.

“ಸುಣ್ಣ ಯಾರು ಹಾಕಿದ್ದು?” ಅಂಬಣ್ಣನ ದನಿ ಏರಿತು. “ಪೀಪಾಯಿ ಒಳಗ ಕೈ ಹಾಕಾಕಿ ಇಲ್ಲಿ ಒಬ್ಬಾಕೀನಽ.”

ಮಾಳಮ್ಮ ಅಲ್ಲ ಎಂದು ಅನ್ನಲಿಲ್ಲ.

“ತೊಳಿಯೂದು ಹಗುರ ಆಗಲಿ ಅಂತ ಹಾಕೀ ಏನು? ಮೂರು ವಾರ ನನ್ನ ಮರ್ಯಾದಿ ಸುರಪುರದ ಬಜಾರದಾಗ ಹೋಯ್ತು. ನಡಿ, ಇವತ್ತಿಗೆ ನಿನ್ನ ಕೆಲಸ ಸಾಕು.”

ಅವಳು ಗೂಟಕ್ಕೆ ಹಾಕಿದ್ದ ಕಂಬಳಿ ತೆಗೆದುಕೊಂಡಳು, ಸರಪಳಿಯನ್ನು ಸುತ್ತಿ ಒಲೆಯ ಪಕ್ಕ ಇಟ್ಟಳು. ನಾನು ಬಾಯಿ ತೆರೆಯಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ. ಉರ್ದು ಬೇಡವಾದ ಕಾಲದಲ್ಲಿ ಈ ಮುನ್ಶಿಗಿರಿಯೂ ಹೋದರೆ ನನ್ನನ್ನು ಯಾರು ಕೇಳುತ್ತಾರೆ ಎಂದು ಹೆದರಿದೆ. ಕಣ್ಣು ತಪ್ಪಿಸಲು ಒಲೆಯ ಕಡೆ ನೋಡಿದೆ. ಅಲ್ಲಿ ಒಲೆಯ ಹಿಂದೆ ಹುಣಸೆಯ ಹಿಪ್ಪೆ ರಾಶಿ ಬಿದ್ದಿತ್ತು, ನಮ್ಮ ಮನೆಯ ಹುಣಸೆ. ಪಕ್ಕದಲ್ಲಿ ನಾಲ್ಕು ಪೀಪಾಯಿ ಬೋರಲು ಬಿದ್ದಿದ್ದವು, ಅವುಗಳ ತೂತಿನ ಅಂಚಿಗೆ ಹುಣಸೆಯ ನಾರು ಅಂಟಿತ್ತು.

ಸುಣ್ಣ ಬಿಡಿಸಲು ಹುಣಸೆಯ ಹುಳಿ ಬೇಕು. ಹಬ್ಬ ಮುಗಿಸಿ ಅವಳು ಊರಿಂದ ಬರುವ ಮೊದಲೇ ಆ ಐದೂ ತುಂಬಿ ಹೋಗಿದ್ದವು; ಖಾಲಿಯಾಗಿ ತಿರುಗಿ ಬಂದ ಮೊದಲ ದಿನವೇ ಅವಳ ಮೂಗಿಗೆ ಗೊತ್ತಾಗಿತ್ತು. ಬೇರೆಯವರಿಗೆ ಕಾಣದ ಹಾಗೆ ಒಂದೊಂದೇ ಪೀಪಾಯಿಯನ್ನು ಹುಣಸೆ ನೀರಿನಿಂದ ಉಜ್ಜಿ ನನ್ನ ತಪ್ಪನ್ನು ತೆಗೆಯುತ್ತ ಬಂದಿದ್ದಳು. ನಾಲ್ಕು ಮುಗಿದಿದ್ದವು. ಐದನೆಯದು ಇವತ್ತು ಏಜೆಂಟನ ಕೈಗೆ ಸಿಕ್ಕಿತ್ತು.

“ಸಾವಕಾರ್ರ” ಎಂದೆ. “ಸುಣ್ಣ ಹಾಕ್ಸಿದಾಂವ ನಾನು. ಹಬ್ಬದಾಗ ಮಿಕ್ಕಿತ್ತು. ಶುದ್ಧ ಆಗಲಿ ಅಂತ ಐದು ಪೀಪಾಯಿಗೆ ಸುರಿಸಿದೆ. ಮಾಳಮ್ಮ ಆಗ ಊರಾಗ ಇದ್ದಳು. ಆಕಿದೇನೂ ಇಲ್ಲ. ಸುಣ್ಣ ತಗದಾಕಿ ಆಕಿ.”

ಅಂಬಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಾಲಪ್ಪ ತಂಬಿಗೆ ಕೆಳಗಿಟ್ಟ. ಅಂಬಣ್ಣ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಅವನು ಬಾಗಿಲ ಹತ್ತಿರ ಹೋಗಿದ್ದ ಮಾಳಮ್ಮನನ್ನು ಕರೆದ.

“ಗೊತ್ತಿತ್ತೇನ್ ನಿನಗ?”

“ವಾಸನಿ ಬಂದಿತ್ರಿ.”

“ಮತ್ತ ಯಾಕ ಹೇಳಲಿಲ್ಲ? ಊರ ತುಂಬ ನಿನ್ನ ಹೆಸರು ಕೆಟ್ಟಿತು, ನಿಮ್ಮ ಮನ್ಯಾಗ ಮಾತು ಬಿಟ್ರು. ಸುಮ್ನ ಯಾಕ ಕುಂತಿ?”

ಅವಳು ಕಂಬಳಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡಳು. ನನ್ನ ಕಡೆ ನೋಡದೆ ಹೇಳಿದಳು.

“ಹೇಳಿದ್ರ ಮುನಶ್ಯಾರ್ನ ಬಿಡಿಸತಿದ್ರಿ ನೀವು. ಅವರಿಗೆ ಬ್ಯಾರೆ ಏನ್ ಬರತದ್ರಿ? ಉರ್ದು ಬರಿಯೋದು ಬರತದ, ಅದೂ ಹೊಂಟಾದ ಅಂತಾರ. ನನಗ ಪೀಪಾಯಿ ಬರತಾವ, ಕುರಿ ಬರತಾವ, ಹೊಲದ ಕೆಲಸ ಬರತದ. ನಾ ಹ್ಯಾಂಗಾದ್ರೂ ಉಣ್ತೀನಿ.”

ಇಷ್ಟು ವರ್ಷ ನಾನು ಅವಳನ್ನು ಮೂಗು ಮುಚ್ಚಿಕೊಂಡು ನೋಡಿದ್ದೆ. ಆ ಅಷ್ಟೂ ದಿನ ಅವಳು ನನ್ನನ್ನು ನೋಡಿ ಮರುಗುತ್ತಿದ್ದಳು. ನನಗೆ ಅಳು ಬಂತು. ಏಜೆಂಟನ ಮುಂದೆ, ಮರ ಏರುವವನ ಮುಂದೆ, ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಂಡೆ.

ಅಂಬಣ್ಣ ತಲೆಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಆಮೇಲೆ ಬಾಲಪ್ಪನ ತಂಬಿಗೆ ಎತ್ತಿ, ಮಾಳಮ್ಮನ ಪೀಪಾಯಿಯ ಸೇಂದಿಯನ್ನು ಎಲ್ಲರೆದುರೇ ಒಂದು ಗುಟುಕು ಕುಡಿದ. “ಬಳಿಚಕ್ರದ್ದು” ಎಂದ. “ಗಾದಿ ಮ್ಯಾಲ ಕುಂತಾಂವ ರುಚಿ ನೋಡಿದ್ರ ಇದು ಆಗತಿದ್ದಿಲ್ಲ. ಅರ್ಧ ತಪ್ಪು ನಂದು. ಮುನಶ್ಯಾರ, ಡ್ರಮ್ಮ ಬ್ಯಾಡ. ಬಾಯ್ಲರ್ ಇರಲಿ, ನಲ್ಲಿ ಇರಲಿ, ಪೀಪಾಯಿ ನಮ್ಮವಽ ಇರಲಿ. ನೀವೂ ಇರ್ರಿ.”

ಏಜೆಂಟ ಕಾಗದ ಮುಂದೆ ಮಾಡಿದ. ಯಂತ್ರ ನಡೆಸುವವರ ಹೆಸರು ಬರೆಯಬೇಕಿತ್ತು, ಅವರಿಗೆ ಎರಡು ದಿನ ಅವನೇ ಕಲಿಸಿಕೊಡುತ್ತಿದ್ದ. ನಾನು ಯಾರನ್ನೂ ಕೇಳಲಿಲ್ಲ. ಕನ್ನಡದಲ್ಲಿ ಬರೆದೆ, ಮಾಳಮ್ಮ, ಕೊಂಕಲ್ಲು. ಳಕಾರ ಸೊಟ್ಟಗಾಯಿತು.

“ಏನ್ ಬರದ್ರಿ?” ಎಂದಳು ಅವಳು.

ಓದಿ ಹೇಳಿದೆ. ಅವಳು ತಲೆಯಾಡಿಸಿ ಕಂಬಳಿಯನ್ನು ಮತ್ತೆ ಗೂಟಕ್ಕೆ ಹಾಕಿದಳು. “ಸುಣ್ಣದ ಮಾತು ಎಲ್ಲೂ ಬರೀಬ್ಯಾಡ್ರಿ ಮತ್ತ. ಮುಗೀತದು” ಎಂದು ಬಾಯ್ಲರಿನ ಕಡೆ ನಡೆದಳು.

ಅದೊಂದು ಮಾತನ್ನು ನಾನು ಕೇಳಲಿಲ್ಲ. ಅವತ್ತು ಸಂಜೆ ಮನೆಗೆ ಹೋಗುವ ಮುಂಚೆ ಕೂತು ಸುರಪುರದ ಮರಿಲಿಂಗಪ್ಪನಿಗೆ ಒಂದು ಕಾಗದ ಬರೆದೆ. ನೀರು ಯಾರೂ ಬೆರೆಸಿಲ್ಲ, ಪೀಪಾಯಿಯಲ್ಲಿ ಸುಣ್ಣ ಹಾಕಿಸಿದವನು ಮುನ್ಶಿ ಸೂಗಪ್ಪ, ಅದನ್ನು ತೆಗೆದವರು ಮಾಳಮ್ಮನವರು, ಇದನ್ನು ಅಂಗಡಿಯ ಮುಂದೆ ನಾಲ್ಕು ಜನರಿಗೆ ಕೇಳುವ ಹಾಗೆ ಓದಬೇಕು. ಇಂಥದೇ ಇನ್ನೊಂದನ್ನು ಕೊಂಕಲ್ಲಿಗೆ ಅವಳ ಮೈದುನನಿಗೆ ಬರೆದೆ. ಮೂರು ಸಲ ಹರಿದು ಬರೆಯಬೇಕಾಯಿತು. ನನ್ನ ಕೈಯಿಂದ ಕನ್ನಡದಲ್ಲಿ ಹೊರಟ ಮೊದಲ ಕಾಗದಗಳು ಅವು. ಸಹಿ ಮಾತ್ರ ರೂಢಿಯಂತೆ ಉರ್ದುವಿನಲ್ಲೇ ಬಿತ್ತು. ಸುರಪುರದಲ್ಲಿ ಆ ಸಹಿ ಯಾರದೆಂದು ಗೊತ್ತಾಗದೆ ಹೋದೀತು ಎನಿಸಿ, ಅದನ್ನು ಹೊಡೆದುಹಾಕಿ ಕೆಳಗೆ ಕನ್ನಡದಲ್ಲಿ ದಪ್ಪಗೆ ಬರೆದೆ.